ನೋವಿನ ಗುಳಿಗೆಗೂ ಬಿಲ್ ಕೇಳಿ

ಬ್ಯಾಡಗಿಯಲ್ಲಿ ದಿನವಿಡೀ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಯಾರ್ಡಿನಲ್ಲಿ ಚೀಲ ಹೊರುವ ಹಮಾಲರು, ರಾಣೆಬೆನ್ನೂರು ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲಿ ಬಗ್ಗಿ ಕ್ರಾಸಿಂಗ್ ಮಾಡುವ ಹೆಂಗಸರು ಔಷಧ ಅಂಗಡಿಯಲ್ಲಿ ಕೇಳುವುದು ಒಂದೇ ಮಾತು: ‘ಅಣ್ಣಾರ, ಮೈಕೈ ನೋವಿಗೆ ಎರಡು ಗುಳಿಗಿ ಕೊಡ್ರಿ.’ ಅಂಗಡಿಯವರು ಪಟ್ಟಿಯಿಂದ ಎರಡನ್ನು ಕತ್ತರಿಸಿ ಕೊಡುತ್ತಾರೆ. ಔಷಧದ ಹೆಸರು ಒಂದು ತುಂಡಿನಲ್ಲಿ, ಬ್ಯಾಚ್ ನಂಬರು ಮತ್ತು ಅವಧಿ ಮುಗಿಯುವ ದಿನಾಂಕ ಇನ್ನೊಂದರಲ್ಲಿ ಉಳಿಯುತ್ತವೆ. ಬಿಲ್ಲಂತೂ ಇಲ್ಲ. ಗುಳಿಗೆ ಒಗ್ಗಿದರೆ ಇದ್ಯಾವುದೂ ಬೇಕಾಗುವುದಿಲ್ಲ. ಒಗ್ಗದೇ ಹೋದರೆ ವೈದ್ಯರಿಗೂ ಬೇಕು, ಗ್ರಾಹಕ ಆಯೋಗಕ್ಕೂ ಬೇಕು.

ನೋವಿನ ಗುಳಿಗೆ ಹೊಟ್ಟೆಗೆ, ಕಿಡ್ನಿಗೆ ಕೆಟ್ಟದ್ದು ಎಂಬುದು ಊರಿಗೆಲ್ಲ ಗೊತ್ತು. ತಲೆಗೂ ತಟ್ಟೀತು ಎಂಬ ಅನುಮಾನ ಮಾತ್ರ ಯಾರಿಗೂ ಬರುವುದಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪಿನ ಔಷಧಗಳಿಂದ ಕೆಲವರಿಗೆ ತಲೆಸುತ್ತು, ಮಂಪರು ಬರುತ್ತದೆ. ವಯಸ್ಸಾದವರಲ್ಲಿ ಕೆಲವರಿಗೆ ದಿಕ್ಕು ತೋಚದಂಥ ಗಲಿಬಿಲಿ. ಆಸ್ಪಿರಿನ್ ಪ್ರಮಾಣ ಮೀರಿದರೆ ಕಿವಿ ಗುಂಯ್‌ಗುಡುತ್ತದೆ. ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು ಇದೇ ಗುಂಪಿನ ಗುಳಿಗೆ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರಿ ಕೈ ನಡುಗಬಹುದು, ಮಾತು ತೊದಲಬಹುದು. ಟ್ರಮಡಾಲ್ ಎಂಬ ನೋವಿನ ಔಷಧ ಕೆಲವರಿಗೆ ಫಿಟ್ಸ್ ತರಿಸುತ್ತದೆ. ಖಿನ್ನತೆಯ ಔಷಧದ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ತಲೆನೋವಿಗೆಂದು ನುಂಗುವ ಗುಳಿಗೆಯೇ ತಲೆನೋವು ತರುವುದೂ ಉಂಟು: ಸಾದಾ ಗುಳಿಗೆಯನ್ನು ತಿಂಗಳಿಗೆ 15 ದಿನ, ಕೆಫೀನ್ ಮುಂತಾದವು ಬೆರೆತದ್ದನ್ನು 10 ದಿನದಂತೆ ಮೂರು ತಿಂಗಳು ಮೀರಿ ತೆಗೆದುಕೊಂಡವರಲ್ಲಿ ವೈದ್ಯರು ಇದನ್ನು ಹುಡುಕುತ್ತಾರೆ. ಮನೆಯವರೋ ಅಜ್ಜನಿಗೆ ಅರಳುಮರಳು ಅನ್ನುತ್ತಾರೆ, ಸೊಸೆಗೆ ಗಾಳಿ ಬಡದೈತಿ ಅಂತ ತಾಯತ ಕಟ್ಟಿಸುತ್ತಾರೆ. ಹಿಂದಿನ ವಾರ ಯಾವ ಗುಳಿಗೆ ತಿಂದಿದ್ದರು ಎಂದು ಮೊದಲು ಕೇಳಬೇಕಾಗಿತ್ತು.

ಕಾನೂನು ಇಲ್ಲಿ ಏನು ಹೇಳುತ್ತದೆ? 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲಾಗಲಿ ಅದರ ನಿಯಮಗಳಲ್ಲಾಗಲಿ ‘ಚೀಟಿ ಇಲ್ಲದೆ ಕೊಡಬಹುದಾದ ಔಷಧ’ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಚೀಟಿ ಕಡ್ಡಾಯವಾದವುಗಳ ಪಟ್ಟಿ ಇದೆ. ಅದರಲ್ಲಿಲ್ಲದ್ದನ್ನು ಲೈಸೆನ್ಸ್ ಇರುವ ಅಂಗಡಿ ಮಾರುತ್ತದೆ. ಜನಸಂಖ್ಯೆ ಸಾವಿರ ಮೀರದ, ಔಷಧ ಅಂಗಡಿಯೇ ಇಲ್ಲದ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್, ಆಸ್ಪಿರಿನ್‌ನಂಥ ಕೆಲವನ್ನು ಲೈಸೆನ್ಸ್ ಇಲ್ಲದೆಯೂ ಮಾರಲು ರಿಯಾಯಿತಿ ಇದೆ. ಹಾವೇರಿ ಪೇಟೆಯ ಕಿರಾಣಿ ಅಂಗಡಿಗೆ ಆ ರಿಯಾಯಿತಿ ಸಲ್ಲದು. ಎಲ್ಲರೂ ಬಾಯಲ್ಲಿ ಕೇಳಿ ಪಡೆಯುವ ಡೈಕ್ಲೋಫೆನಾಕ್ ಗುಳಿಗೆ ಶೆಡ್ಯೂಲ್ ಎಚ್‌ಗೆ ಸೇರಿದ್ದು, ವೈದ್ಯರ ಚೀಟಿ ಬೇಕೇಬೇಕು. ಟ್ರಮಡಾಲ್ ಶೆಡ್ಯೂಲ್ ಎಚ್1ರಲ್ಲಿದೆ: ಗುಳಿಗೆಯ ಪಟ್ಟಿಯ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರಬೇಕು; ಚೀಟಿ ಬರೆದ ವೈದ್ಯರ, ರೋಗಿಯ ಹೆಸರನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2018ರಿಂದ ಅದು ಮಾದಕ ವಸ್ತು ಕಾಯ್ದೆಯಡಿಯೂ ಬಂದಿದೆ. ಚೀಟಿ ಇಲ್ಲದೆ ಕೊಟ್ಟರೆ ಅದು ಉಪಕಾರವಲ್ಲ, ಅಪರಾಧ.

ಔಷಧ ಹೇಗೆ ತೆಗೆದುಕೊಳ್ಳಬೇಕು, ಯಾವುದರ ಜೊತೆ ಬೇಡ ಎಂದು ತಿಳಿಸುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಹೇಳುತ್ತದೆ. ‘ಫಾರ್ಮಸಿಸ್ಟ್ ಅದಾರೇನ್ರಿ?’ ಎಂದು ಕೇಳಲು ಸಂಕೋಚ ಬೇಡ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಹತ್ತು ರೂಪಾಯಿಯ ಗುಳಿಗೆಗೂ ಬಿಲ್ ಕೇಳಬಹುದು, ಬ್ಯಾಚ್ ನಂಬರು ಬರೆಸಿಕೊಳ್ಳಬಹುದು. ಸಾಧ್ಯವಾದರೆ ಇಡೀ ಪಟ್ಟಿಯನ್ನೇ ಕೊಳ್ಳಿ.

ತೊಂದರೆ ಕಂಡರೆ ಮೊದಲು ಚಿಕಿತ್ಸೆ. ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡಿ, ಉಳಿದ ಗುಳಿಗೆಯನ್ನೂ ಆಸ್ಪತ್ರೆಗೆ ಒಯ್ಯಿರಿ. ಬಹುದಿನದಿಂದ ತೆಗೆದುಕೊಳ್ಳುತ್ತಿದ್ದ ಗುಳಿಗೆಯನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಹೊರರೋಗಿ ಚೀಟಿಯಲ್ಲಿ ಗುಳಿಗೆಯ ಹೆಸರು ಬರೆಸಿಕೊಳ್ಳುವುದನ್ನು ಮರೆಯಬೇಡಿ. ಮುಂದೆ ಅದೇ ಮುಖ್ಯ ಸಾಕ್ಷ್ಯ. ಮನಸ್ಸಿನ ಕಳವಳಕ್ಕೆ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಹಾವೇರಿಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಲ್ಲ.

ಅಡ್ಡಪರಿಣಾಮವನ್ನು ವರದಿ ಮಾಡಲು ವೈದ್ಯರೇ ಆಗಬೇಕಿಲ್ಲ. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ 2010ರಿಂದ ನಡೆಯುತ್ತಿರುವ ಔಷಧ ನಿಗಾ ಕಾರ್ಯಕ್ರಮವನ್ನು ನೋಡಿಕೊಳ್ಳುತ್ತದೆ. ಗ್ರಾಹಕರ ನಮೂನೆ ಕನ್ನಡದಲ್ಲೂ ಇದೆ. ಶುಲ್ಕರಹಿತ ಸಂಖ್ಯೆ 1800-180-3024. ಇದರಿಂದ ಪರಿಹಾರದ ಹಣ ಬರುವುದಿಲ್ಲ. ಆದರೆ ಇಂಥ ವರದಿಗಳು ಸೇರಿದಾಗಲೇ ಎಚ್ಚರಿಕೆಗಳು ಹೊರಡುತ್ತವೆ. ಮುಟ್ಟಿನ ನೋವಿಗೆ ಬಳಸುವ ಮೆಫೆನಾಮಿಕ್ ಆಮ್ಲದ ಬಗ್ಗೆ 2023ರ ನವೆಂಬರ್‌ನಲ್ಲಿ ಹಾಗೆಯೇ ಒಂದು ಹೊರಟಿತು.

ಗುಳಿಗೆಯೇ ನಕಲಿ ಅಥವಾ ಕಳಪೆ ಎಂಬ ಅನುಮಾನವಿದ್ದರೆ ಔಷಧ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೇ ಕಲಮು: ಕೊಂಡವರೇ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಹಾಕಿದ ವರದಿ ಪಡೆಯಬಹುದು.

ಪರಿಹಾರ ಬೇಕೆಂದರೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಗುಜರಾತಿನಲ್ಲಿರಲಿ ಮುಂಬಯಿಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಗಡುವು ಎರಡು ವರ್ಷ. ಶುಲ್ಕ ಲೆಕ್ಕವಾಗುವುದು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಬೆಲೆಯ ಮೇಲೆ. ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವೇ ಇಲ್ಲ. ಹಾಗೆಂದು ತಲೆಸುತ್ತು ಬಂದವರಿಗೆಲ್ಲ ಪರಿಹಾರ ಸಿಗುತ್ತದೆ ಎಂದು ನಂಬಿಸುವವರ ಮಾತು ಕೇಳಬೇಡಿ. ಎಚ್ಚರಿಕೆ ಸರಿಯಾಗಿ ಮುದ್ರಿಸಿದ್ದ ಔಷಧದ ತಿಳಿದ ಅಡ್ಡಪರಿಣಾಮಕ್ಕೆ ತಯಾರಕರನ್ನು ಹೊಣೆಯಾಗಿಸುವುದು ಕಷ್ಟ. ಚೀಟಿ ಇಲ್ಲದೆ ಶೆಡ್ಯೂಲ್ ಔಷಧ ಮಾರಿದ್ದು, ಅವಧಿ ಮುಗಿದದ್ದನ್ನು ಕೊಟ್ಟದ್ದು, ಎಚ್ಚರಿಕೆಯನ್ನೇ ಮುದ್ರಿಸದಿದ್ದದ್ದು, ಇಂಥ ಪ್ರಕರಣಗಳಿಗೆ ಬಲ ಹೆಚ್ಚು, ಬಿಲ್ ಕೈಯಲ್ಲಿದ್ದರೆ.

ವಕೀಲರ ಖರ್ಚಿನ ಚಿಂತೆಯಿದ್ದರೆ ಹಾವೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ರಾಣೆಬೆನ್ನೂರು, ಬ್ಯಾಡಗಿಗಳ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ವಕೀಲರನ್ನು ಒದಗಿಸುತ್ತಾರೆ. ಕರೆಯ ಸಂಖ್ಯೆ 15100.