ಪರಊರಿನ ಕಾಲೇಜು, ಒಂಟಿ ಊಟ

"ಊರಾಗ ಇದ್ದಾಗ ಗಟ್ಟಿಯಾಗೇ ಇದ್ದ ಸಾರ್. ಬಳ್ಳಾರಿಗೆ ಬಂದು ರೂಮು ಮಾಡಿದ ಮ್ಯಾಲೆ ಹಿಂಗ." ಕಾಲೇಜು ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ತಾಯಂದಿರಿಂದ ಈ ಮಾತು ಕೇಳುತ್ತೇನೆ. ಮಗನಿಗೆ ಎದೆಯುರಿ, ತಲೆನೋವು, ನಿದ್ದೆಯಿಲ್ಲ. ರಕ್ತ ಪರೀಕ್ಷೆಯಲ್ಲಿ ದೋಷವಿಲ್ಲ. "ರಾತ್ರಿ ಯಾರ ಜೊತೆ ಊಟ ಮಾಡ್ತೀಯಪ್ಪ?" ಎಂದು ಕೇಳಿದರೆ ಹುಡುಗ ನೆಲ ನೋಡುತ್ತಾನೆ.

ಊರಿನ ಗಾತ್ರಕ್ಕೂ ಹೊಟ್ಟೆಗೂ ಏನು ಸಂಬಂಧ ಎನ್ನುವಿರಾ? ಕುರುಗೋಡಿನಲ್ಲಿ ಹುಡುಗನೊಬ್ಬ ಎರಡು ದಿನ ಕಾಣದಿದ್ದರೆ ಚಹಾದಂಗಡಿಯವರೇ ವಿಚಾರಿಸುತ್ತಾರೆ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ್ದ ಬಳ್ಳಾರಿಯಲ್ಲಿ ಅವನು ಜ್ವರದಿಂದ ಮಲಗಿದರೂ ಪಕ್ಕದ ಕೋಣೆಯವರಿಗೆ ತಿಳಿಯದಿರಬಹುದು. 2010ರಲ್ಲಿ ಇಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಎಂ.ಎ., ಎಂ.ಕಾಂ.ಗೆ ದೂರದ ಗುಲಬರ್ಗಾಕ್ಕೆ ಹೋಗಬೇಕಿಲ್ಲ, ನಿಜ. ಆದರೆ ಸಿರುಗುಪ್ಪದ ಮಗುವಿಗೆ ಬಳ್ಳಾರಿಯೂ ಪರಊರೇ.

ಹಾಗೆಂದು ಸಣ್ಣ ಊರನ್ನು ಹೊಗಳಲಾರೆ. ವಿಚಾರಿಸುವ ಕಣ್ಣುಗಳೇ ಕಾವಲು ಕಾಯುವ ಕಣ್ಣುಗಳೂ ಹೌದು. ಹಾಸ್ಟೆಲಿಗೆ ಬಂದ ಮೇಲೆಯೇ ನಿರಾಳವಾಗಿ ನಗಲು ಕಲಿತ ಹೆಣ್ಣುಮಕ್ಕಳನ್ನು ನಾನು ಬಲ್ಲೆ.

ದಿನವೂ ಬಸ್ಸಿನಲ್ಲಿ ಓಡಾಡುವವರದು ಇನ್ನೊಂದು ಪಾಡು. ಅವರಿಗೆ ಬಸ್ಸಿನ ಗೆಳೆತನವಿದೆ, ಮನೆಯ ರೊಟ್ಟಿಯಿದೆ. ಆದರೆ ಸಂಜೆಯ ಆಟ, ನಾಟಕದ ತಾಲೀಮು ಶುರುವಾಗುವ ಹೊತ್ತಿಗೆ ಅವರು ಬಸ್ ನಿಲ್ದಾಣದಲ್ಲಿರುತ್ತಾರೆ. ಕುರುಗೋಡು ಹತ್ತಿರ, ಸಿರುಗುಪ್ಪ ಅದರ ಇಮ್ಮಡಿ ದೂರ. ಅಲ್ಲಿಂದ ಬರುವವರು ನಿದ್ದೆಯನ್ನೂ ಕಳೆದುಕೊಳ್ಳುತ್ತಾರೆ. ಈ ವಯಸ್ಸಿಗೆ ಏಳು ಗಂಟೆಯಾದರೂ ನಿದ್ದೆ ಬೇಕೇ ಬೇಕು.

ಒಂಟಿತನ ಬರೀ ಮನಸ್ಸಿನ ಮಾತಲ್ಲ. ಕಳವಳ ಹೆಚ್ಚಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಏರುತ್ತವೆ, ಕರುಳಿನ ಚಲನೆ ಏರುಪೇರಾಗುತ್ತದೆ, ನಿದ್ದೆ ಕೆಡುತ್ತದೆ. ಒಬ್ಬನೇ ಉಣ್ಣುವ ಬೇಸರಕ್ಕೆ ರಾತ್ರಿ ಒಗ್ಗರಣೆ ಮಿರ್ಚಿ ತಿಂದು ಮಲಗಿದರೆ ಎದೆಯುರಿ ಬಾರದೆ ಇರುತ್ತದೆಯೇ? ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ಎಳೆಯರಲ್ಲಿ ಅದು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳಿದೆ.

ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಡಿ. ತೂಕ ಇಳಿಯುತ್ತಿದ್ದರೆ, ಜ್ವರ ಮೂರು ದಿನ ದಾಟಿದರೆ, ವಾಂತಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಫೋನಿನಲ್ಲಿ "ಊಟ ಆಯ್ತಾ?" ಎಂದು ಕೇಳಿ ಸುಮ್ಮನಾಗಬೇಡಿ, "ಯಾರ ಜೊತೆ ಉಂಡೆ?" ಎಂದೂ ಕೇಳಿ. ಕೋಣೆ ಹುಡುಕುವಾಗ ಬಾಡಿಗೆಯ ಜೊತೆಗೆ ಮೆಸ್ಸು ಎಷ್ಟು ಹತ್ತಿರವಿದೆ, ಜೊತೆಗಾರ ಯಾರು ಎಂಬುದನ್ನೂ ನೋಡಿ. ಮೊದಲ ವರ್ಷ ಒಬ್ಬನೇ ಇರುವ ಕೋಣೆ ಬೇಡ. ಮಗ ಅಥವಾ ಮಗಳು "ಬದುಕೇ ಸಾಕು" ಎಂದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ. ಅಂದೇ ಬಸ್ಸು ಹತ್ತಿ ಹೋಗಿ ಜೊತೆಗಿರಿ, ವೈದ್ಯರ ಬಳಿಗೆ ಕರೆತನ್ನಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.