ಒಂದು ಲೋಡು ಮಣ್ಣಿನ ಜೊತೆ ಬಂದದ್ದು

ಮೈಸೂರಿನಲ್ಲಿ ನಾವು ಮನೆ ಕಟ್ಟಿಸಿ ಒಕ್ಕಲು ಬಂದದ್ದು 2013ರ ಬೇಸಿಗೆಯಲ್ಲಿ. ನಲವತ್ತು–ಅರವತ್ತರ ಸೈಟಿನಲ್ಲಿ ಹಿತ್ತಲಿಗೆಂದು ಹಟ ಹಿಡಿದು ಹದಿನೈದು ಅಡಿ ಬಿಡಿಸಿಕೊಂಡಿದ್ದೆ. ಅಲ್ಲಿ ಜಲ್ಲಿ, ಸಿಮೆಂಟಿನ ಹೆಂಟೆ, ಇಟ್ಟಿಗೆ ಚೂರು ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೆಲ್ಲ ಎತ್ತಿಸಿ ಒಂದು ಟಿಪ್ಪರ್ ಕೆಂಪು ಮಣ್ಣು ಹಾಕಿಸಿದೆವು. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಹದವಾಗಿ ಉದುರುತ್ತಿತ್ತು. ಮಟ್ಟ ಮಾಡುವಾಗ ಕಡಲೆಕಾಳು ಗಾತ್ರದ ಕಪ್ಪು ಉಂಡೆಗಳು ಅಲ್ಲೊಂದು ಇಲ್ಲೊಂದು ಕಂಡಿದ್ದವು. ಕಲ್ಲಿರಬೇಕು ಎಂದುಕೊಂಡು ಸುಮ್ಮನಾದೆ. ಅವತ್ತು ಒಂದನ್ನು ಉಗುರಿನಿಂದ ಕೆರೆದು ನೋಡಿದ್ದರೆ ಒಳಗಿನ ಬಿಳಿ ತಿರುಳು ಕಾಣುತ್ತಿತ್ತು, ಮುಂದಿನ ಆರು ವರ್ಷ ಉಳಿಯುತ್ತಿತ್ತು.

ಮೃಗಶಿರಾ ಮಳೆ ಎರಡು ದಿನ ಹಿಡಿದು ಬಿಟ್ಟ ಮೇಲೆ ಹಿತ್ತಲ ತುಂಬ ಸೂಜಿ ನೆಟ್ಟಂತೆ ಹಸಿರು ಎದ್ದಿತು. ಮೊದಲು ಗರಿಕೆ ಎಂದುಕೊಂಡೆ. ಹೂದಂಟು ಬಂದ ಮೇಲೆ ಅದನ್ನು ಬೆರಳ ನಡುವೆ ಹೊರಳಿಸಿ ನೋಡಿದೆ. ದುಂಡಗಿರಲಿಲ್ಲ, ಮೂರು ಏಣು ಕೈಗೆ ಸಿಕ್ಕವು. ಕೊನ್ನಾರಿ. ಕೆಲವರು ಜೇಕು ಎನ್ನುತ್ತಾರೆ, ಕೆಲವರು ತುಂಗೆ ಎನ್ನುತ್ತಾರೆ. ಇದರ ಗಡ್ಡೆಯನ್ನೇ ಗಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಮಾರುತ್ತಾರೆ. ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿ ಮಾಡಿದ ಸಸ್ಯವಿಜ್ಞಾನಿಗಳು ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ.

ಮೊದಲ ವರ್ಷ ಕೈಯಿಂದ ಕಿತ್ತೆ. ಹಿಡಿದೆಳೆದರೆ ಕುತ್ತಿಗೆಯ ಹತ್ತಿರ ಸಲೀಸಾಗಿ ಕಿತ್ತು ಬರುತ್ತಿತ್ತು, ಒಂದು ಗಂಟೆಯಲ್ಲಿ ಬುಟ್ಟಿ ತುಂಬುತ್ತಿತ್ತು. ನಾಲ್ಕನೇ ದಿನಕ್ಕೆ ಅದೇ ಜಾಗದಲ್ಲಿ ಅದೇ ಎತ್ತರಕ್ಕೆ ನಿಂತಿರುತ್ತಿತ್ತು. ಎರಡನೇ ವರ್ಷ ಮಳೆಗಾಲದಲ್ಲೇ ಆಳು ಹಚ್ಚಿ ಗುದ್ದಲಿಯಿಂದ ಇಡೀ ಹಿತ್ತಲನ್ನು ಅಗೆಸಿದೆ. ಅಲ್ಲಲ್ಲಿ ಇದ್ದ ಕೊನ್ನಾರಿ ಎಲ್ಲೆಲ್ಲೂ ಆಯಿತು. ಮೂರನೇ ವರ್ಷ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಹದಿನೈದು ದಿನದ ಮೇಲೆ ನೋಡಿದರೆ ಹಾಳೆಯನ್ನು ತೂತು ಮಾಡಿಕೊಂಡು ಮೊನೆಗಳು ಹೊರಗೆ ಬಂದಿದ್ದವು.

ಅದಾದ ಮೇಲೆ, 2016ರಲ್ಲಿ, ಗ್ಲೈಫೋಸೇಟ್ ಕಳೆನಾಶಕ ತಂದು ಹೊಡೆದೆ. ಮಾಡಬಾರದಿತ್ತು. ಸಂಜೆ ಗಾಳಿ ಇತ್ತು. ಕೊನ್ನಾರಿ ಹಳದಿಯಾಗಿ ಮಲಗಿತು, ಸಮಾಧಾನವಾಯಿತು. ಆದರೆ ಪಕ್ಕದಲ್ಲೇ ಅಮ್ಮ ಊರಿಂದ ತಂದುಕೊಟ್ಟಿದ್ದ ದುಂಡುಮಲ್ಲಿಗೆ ಬಳ್ಳಿಯ ಮೇಲೂ ಹನಿ ಬಿದ್ದಿತ್ತು. ಅದರ ಹೊಸ ಚಿಗುರೆಲ್ಲ ದಾರದಂತೆ ಸಣ್ಣಗೆ, ಬೆಳ್ಳಗೆ, ಸೊಟ್ಟಪಟ್ಟ ಬಂತು. ಆ ವರ್ಷ ಒಂದು ಮೊಗ್ಗೂ ಬಿಡಲಿಲ್ಲ; ಮುಂದಿನ ಯುಗಾದಿಯ ಹೊತ್ತಿಗೆ ಒಣಗಿತು. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು, ಊರಿನ ಮನೆಯಲ್ಲಿ ತಾಯಿಬಳ್ಳಿಯೂ ಉಳಿದಿರಲಿಲ್ಲ. ಇಂದಿಗೂ ಆ ಮೂಲೆ ಹಾದುಹೋಗುವಾಗ ನನಗೆ ಸಂಕಟವಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಔಷಧವನ್ನು ಪರವಾನಗಿ ಇರುವ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕೆಂದು ಕಟ್ಟುಪಾಡು ಮಾಡಿತು. ಮನೆಯ ಹಿತ್ತಲಿಗೆ ಅದು ಬರಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಷ್ಟಾದರೂ ಅಂದು ಹೊಡೆದ ಎರಡು ತಿಂಗಳಲ್ಲಿ ಕೊನ್ನಾರಿ ಮತ್ತೆ ಚಿಗುರಿತು.

ಆಗ ಒಂದು ಭಾನುವಾರ, ಏನನ್ನೂ ಕೊಲ್ಲುವ ಉದ್ದೇಶವಿಲ್ಲದೆ, ಒಂದೇ ಒಂದು ಗಿಡವನ್ನು ಮಣ್ಣಿನ ಸಮೇತ ಎತ್ತಿದೆ. ಸುತ್ತ ಒಂದು ಮೊಳ ಬಿಟ್ಟು ಸಲಾಕೆಯಿಂದ ಸಡಿಲಿಸಿ, ಇಡೀ ಹೆಂಟೆಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಮೆಲ್ಲಗೆ ಅಲುಗಿಸಿ ಮಣ್ಣು ಬಿಡಿಸಿದೆ. ಉಳಿದದ್ದನ್ನು ಹಳೆಯ ಪೇಪರಿನ ಮೇಲೆ ಹರಡಿದೆ. ಮೇಲೆ ಕಾಣುತ್ತಿದ್ದದ್ದು ಒಂದು ಗಿಡ. ಅದರ ಬುಡದಲ್ಲಿ ಒಂದು ಗಡ್ಡೆ. ಅಲ್ಲಿಂದ ತಂತಿಯಂಥ ಕಪ್ಪು ಎಳೆ ಹೊರಟು ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಸರಕ್ಕೆ ಪೋಣಿಸಿದ ಹಾಗೆ ಒಂಬತ್ತು ಎಣಿಸಿದೆ. ಕೊನೆಯ ಎರಡು ಇನ್ನೂ ಬೆಳ್ಳಗೆ ಎಳೆಯದಾಗಿದ್ದವು. ಮೂಗಿನ ಹತ್ತಿರ ಹಿಡಿದರೆ ಊದುಬತ್ತಿಯಂಥ ಘಮ.

ಆ ಪೇಪರಿನ ಮುಂದೆ ಕೂತಾಗ ನಾಲ್ಕು ವರ್ಷದ ಲೆಕ್ಕವೆಲ್ಲ ಅರ್ಥವಾಯಿತು. ಸರದ ಒಂದು ಗಡ್ಡೆ ಚಿಗುರಿ ನಿಂತಿರುವವರೆಗೆ ಹಿಂದಿನವು ನಿದ್ದೆಯಲ್ಲಿರುತ್ತವೆ. ಗುದ್ದಲಿ ಬಿದ್ದು ಎಳೆ ತುಂಡಾದರೆ ಪ್ರತಿಯೊಂದೂ ಸ್ವತಂತ್ರವಾಗಿ ಏಳುತ್ತದೆ. ನಾನು ಮಳೆಗಾಲದಲ್ಲಿ, ಹಸಿ ಮಣ್ಣಿನಲ್ಲಿ, ಸರ ಕಡಿದು ಹರಡಿ ನೀರೂ ಕೊಟ್ಟಿದ್ದೆ. ಕಳೆನಾಶಕ ಹಸಿರೆಲೆಯಿಂದ ಇಳಿದು ಎಚ್ಚರವಿದ್ದ ಗಡ್ಡೆಗೆ ತಟ್ಟಿತ್ತು, ಮಲಗಿದ್ದವಕ್ಕೆ ಮುಟ್ಟಿರಲಿಲ್ಲ.

ನಮ್ಮ ತಂದೆ ಹಾಸನದ ಕಡೆ ರಾಗಿ ಬೆಳೆಯುತ್ತಿದ್ದವರು. ಕಟಾವು ಮುಗಿದು ಕಣ ಎದ್ದ ಮೇಲೆ ಖಾಲಿ ಹೊಲಕ್ಕೆ ಮಾಗಿ ಉಳುಮೆ ಹೊಡೆಯುತ್ತಿದ್ದರು. ಬಿತ್ತನೆ ಇನ್ನೂ ನಾಲ್ಕು ತಿಂಗಳಿರುವಾಗ ಈ ದುಡಿತ ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಗಡ್ಡೆ ಮೇಲೆ ಬಂದು ಬಿಸಿಲು ಕುಡಿಯಲಿ ಎಂದಿದ್ದರು. ಅದು ನೆನಪಿಗೆ ಬಂದದ್ದು ಆ ಭಾನುವಾರವೇ.

2017ರ ಫೆಬ್ರವರಿಯಲ್ಲಿ ಹಿತ್ತಲಿಗೆ ನೀರು ನಿಲ್ಲಿಸಿದೆ. ಮಣ್ಣು ಪೂರ್ತಿ ಒಣಗಿದ ಮೇಲೆ ಒಂದು ಗೇಣು ಆಳಕ್ಕೆ ಅಗೆಸಿ ಹೆಂಟೆಗಳನ್ನು ಹಾಗೇ ಬಿಟ್ಟೆ. ಹೆಚ್ಚಿನ ಗಡ್ಡೆಗಳು ಇರುವುದು ಮೇಲಿನ ಈ ಗೇಣಿನೊಳಗೇ. ಕೈಗೆ ಸಿಕ್ಕವನ್ನು ಆರಿಸಿ ತಾರಸಿಯ ಮೇಲೆ ಹರಡಿದೆ. ಗೊಬ್ಬರದ ಗುಂಡಿಗೆ ಒಂದನ್ನೂ ಹಾಕಲಿಲ್ಲ. ಹದಿನೈದು ದಿನಕ್ಕೊಮ್ಮೆ ಹೆಂಟೆ ಮಗುಚಿದೆ. ಅದೇ ಗುದ್ದಲಿ, ಅದೇ ಅಗೆತ. ಮಳೆಗಾಲದಲ್ಲಿ ಕಳೆ ಬೆಳೆಸಿದ ಕೆಲಸ ಬಿಸಿಲಿನಲ್ಲಿ ಅದನ್ನು ಒಣಗಿಸಿತು.

ಮಳೆ ಬಂದಾಗ ಉಳಿದವು ಎದ್ದವು, ಅರ್ಧಕ್ಕಿಂತ ಕಡಿಮೆ. ಈಗ ಎರಡನೇ ಕೆಲಸ. ಐದಾರು ಎಲೆ ಬರುವಷ್ಟರಲ್ಲಿ ಗಿಡ ಕೆಳಗೆ ಹೊಸ ಗಡ್ಡೆ ಕಟ್ಟಲು ಶುರುಮಾಡುತ್ತದೆ. ಅದಕ್ಕೆ ಮೊದಲೇ ತೆಗೆದರೆ ಪ್ರತಿ ಸಲ ಚಿಗುರುವಾಗಲೂ ಹಳೆಯ ಗಡ್ಡೆಯ ದಾಸ್ತಾನು ಕರಗುತ್ತದೆ. ಹೀಗಾಗಿ ಹತ್ತು ಹನ್ನೆರಡು ದಿನಕ್ಕೊಮ್ಮೆ, ತಪ್ಪದೆ, ಕಳೆಗುದ್ದಲಿ ಹಿಡಿದು ಒಂದು ಸುತ್ತು. ಊರಿಗೆ ಹೋಗಿ ಮೂರು ವಾರ ಬಿಟ್ಟರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೂರನೆಯದು ನೆರಳು. ಕೊನ್ನಾರಿ ಬಿಸಿಲಿನ ಗಿಡ. ತಲೆಯ ಮೇಲೆ ಎಲೆ ಮುಚ್ಚಿದರೆ ಸೊರಗುತ್ತದೆ. ಖಾಲಿ ಜಾಗಕ್ಕೆಲ್ಲ ಹುರುಳಿ ಚೆಲ್ಲಿದೆ, ಒಂದು ಪಟ್ಟೆಗೆ ಗೆಣಸಿನ ಬಳ್ಳಿ ಊರಿದೆ. ಬಳ್ಳಿ ನೆಲ ಕಾಣದಂತೆ ಹಬ್ಬಿತು. ಸಂಕ್ರಾಂತಿಗೆ ಗೆಣಸು ಅಗೆದಾಗ ಒಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ಕೊನ್ನಾರಿಯ ಬಿಳಿ ಮೊನೆಯೊಂದು ಗೆಣಸಿನ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬಂದಿತ್ತು, ದಬ್ಬಣ ಚುಚ್ಚಿದ ಹಾಗೆ. ಪ್ಲಾಸ್ಟಿಕ್ ಹಾಳೆ ಅದಕ್ಕೆ ಯಾವ ಲೆಕ್ಕ! ಆ ಮೊನೆಯನ್ನು ತಡೆಯಲಾಗುವುದಿಲ್ಲ. ಮೇಲೆ ಬಂದ ಎಲೆಗೆ ಬೆಳಕು ಸಿಗದಂತೆ ಮಾಡಬಹುದು, ಅಷ್ಟೆ. ಹೀಗೆ ಮೂರು ಬೇಸಿಗೆ, ಮೂರು ಮಳೆಗಾಲ ಕಳೆದ ಮೇಲೆ 2019ರ ಕೊನೆಗೆ ಕೊನ್ನಾರಿ ಎಣಿಸುವಷ್ಟಕ್ಕೆ ಇಳಿಯಿತು.

ದಾಸವಾಳದ ಕಥೆಯೂ ಹೀಗೆಯೇ. ಕೆಂಪು ದಾಸವಾಳದ ಚಿಗುರು, ಮೊಗ್ಗಿನ ತೊಟ್ಟು ಎಲ್ಲ ಹತ್ತಿ ಮೆತ್ತಿದಂತೆ ಬೆಳ್ಳಗಾಗುತ್ತಿತ್ತು. ಹಿಟ್ಟು ತಿಗಣೆ. ಸೋಪಿನ ನೀರು ಹೊಡೆದರೆ ವಾರ ಕಡಿಮೆ, ಮತ್ತೆ ಅಷ್ಟೇ. ಒಂದು ಬೆಳಿಗ್ಗೆ ಬುಡದಿಂದ ತುದಿಯವರೆಗೆ ಇರುವೆ ಸಾಲನ್ನು ಹಿಂಬಾಲಿಸಿದೆ. ತಿಗಣೆ ಎಲೆಯ ರಸ ಹೀರಿ ಸಿಹಿಯಂಟು ಸುರಿಸುತ್ತದೆ, ಇರುವೆ ಅದನ್ನು ಕುಡಿಯುತ್ತದೆ. ಅದಕ್ಕಾಗಿ ತಿಗಣೆಯ ವೈರಿಗಳನ್ನು ಓಡಿಸುತ್ತ ಕಾವಲು ಕಾಯುತ್ತದೆ. ಎಲೆಯ ಮೇಲೆ ಕಾಡಿಗೆಯಂತೆ ಕೂರುವ ಕಪ್ಪು ಬೂಷ್ಟು ಬೆಳೆಯುವುದೂ ಆ ಅಂಟಿನ ಮೇಲೆ. ಕಾಂಡಕ್ಕೆ ಟೇಪು ಸುತ್ತಿ ಅದರ ಮೇಲೆ ಗ್ರೀಸ್ ಬಳಿದೆ. ಬರೀ ತೊಗಟೆಗೆ ಗ್ರೀಸ್ ಹಚ್ಚಬಾರದು, ಗಿಡಕ್ಕೆ ಕೇಡು. ಕಾಂಪೌಂಡಿಗೆ ತಾಗುತ್ತಿದ್ದ ಕೊಂಬೆಗಳನ್ನು ಕತ್ತರಿಸಿದೆ, ಇಲ್ಲವಾದರೆ ಇರುವೆಗೆ ಅದೇ ಸೇತುವೆ. ತೀರಾ ಮೆತ್ತಿದ್ದ ತುದಿಗಳನ್ನು ಕಿತ್ತು ಸೋಪಿನ ನೀರಿಗೆ ಹಾಕಿದೆ. ಉಳಿದದ್ದಕ್ಕೆ ಲೀಟರಿಗೆ ಐದು ಮಿಲಿ ಬೇವಿನೆಣ್ಣೆ, ಚಿಟಿಕೆ ಸೋಪು, ಹೊತ್ತು ಇಳಿದ ಮೇಲೆ, ಎಲೆಯ ಕೆಳಮೈಗೆ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಇರುವೆ ನಿಂತ ಕೆಲವು ವಾರಕ್ಕೆ ಬಿಳಿ ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಬಿಳಿ ಜಟೆ ಬಿಟ್ಟಂತಿದ್ದ ಹುಳುಗಳು ಕಂಡವು. ದೊಡ್ಡ ತಿಗಣೆ ಎಂದು ಹೊಸಕಲು ಬೆರಳು ಇಟ್ಟೆ. ಅದು ಸರಸರ ಓಡಿತು. ತಿಗಣೆ ಹಾಗೆ ಓಡುವುದಿಲ್ಲ. ಕೈ ತಡೆದೆ. ಅದು ತಿಗಣೆಯನ್ನೇ ತಿನ್ನುವ ಒಂದು ಜಾತಿಯ ಗುಲಗಂಜಿ ಹುಳುವಿನ ಮರಿ, ಕ್ರಿಪ್ಟೋಲೀಮಸ್. ದೊಡ್ಡದಾದ ಮೇಲೆ ಕಪ್ಪು ಬೆನ್ನು, ಕಿತ್ತಳೆ ತಲೆ. ಕಾಫಿ ಗಿಡದ ಹಸಿರು ಶಲ್ಕ ಕೀಟಕ್ಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ್ದು. ಆ ಕೆಲಸಕ್ಕೆ ಅಷ್ಟಾಗಿ ಒದಗದೆ ಹಿಟ್ಟು ತಿಗಣೆಯನ್ನು ಹಿಡಿಯಿತು, ನಮ್ಮ ನೆಲದಲ್ಲೇ ನೆಲೆಸಿತು. ಇದಕ್ಕೆ ಮೊದಲು ಇಂಥ ಎಷ್ಟು ಮರಿಗಳನ್ನು ನಾನೇ ಹೊಸಕಿದ್ದೆನೋ. ಪರಂಗಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡು ನಮ್ಮ ಕಡೆಗೂ ಹಬ್ಬಿದಾಗ ಔಷಧ ಹೊಡೆದು ಸೋತವರು ಎಷ್ಟೋ ಜನ. ಅದು ತಹಬಂದಿಗೆ ಬಂದದ್ದು 2010ರಲ್ಲಿ ಪೋರ್ಟೊ ರಿಕೊದಿಂದ ತಂದು ಬಿಟ್ಟ, ಸಾಸಿವೆಗಿಂತ ಚಿಕ್ಕ ಕಣಜಗಳಿಂದ. ನನ್ನ ಹಿತ್ತಲಿನ ಪರಂಗಿಗೆ ಆಮೇಲೆ ನಾನು ಏನನ್ನೂ ಹೊಡೆದಿಲ್ಲ.

ಟೊಮ್ಯಾಟೊ ವಿಷಯ ಚಿಕ್ಕದು. ಕಾಯಿಯ ತಳ ಕಪ್ಪಗೆ ಚಪ್ಪಟೆಯಾಗಿ ಕೊಳೆಯುತ್ತಿತ್ತು. ರೋಗವೆಂದು ಎರಡು ಬೆಳೆಗೆ ಶಿಲೀಂಧ್ರನಾಶಕ ಹೊಡೆದೆ. ಅದು ರೋಗವೇ ಅಲ್ಲ. ಕಾಯಿಗೆ ಸುಣ್ಣದಂಶ ತಲುಪುವುದು ನೀರಿನ ಜೊತೆ. ನಾನು ನಾಲ್ಕು ದಿನ ಒಣಗಿಸಿ ಐದನೇ ದಿನ ಕೆರೆ ಕಟ್ಟುತ್ತಿದ್ದೆ. ದಿನಕ್ಕೊಂದು ತಂಬಿಗೆ ನೀರು, ಬುಡಕ್ಕೆ ನಾಲ್ಕು ಬೆರಳು ತರಗೆಲೆ. ಮುಂದಿನ ಗೊಂಚಲು ಸ್ವಚ್ಛವಾಗಿ ಬಂತು.

ಪಕ್ಕದ ಖಾಲಿ ಸೈಟಿನ ಪಾರ್ಥೇನಿಯಂ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 1955ರಲ್ಲಿ ಪುಣೆಯಲ್ಲಿ ಗುರುತಿಸಿದ ಈ ಗಿಡ ಈಗ ಇಲ್ಲದ ಊರಿಲ್ಲ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ನಾನು ಹೂ ಬಿಟ್ಟ ಮೇಲೆ, ಬರಿಗೈಯಲ್ಲಿ ಕಿತ್ತೆ. ಮೊಣಕೈವರೆಗೆ ಎದ್ದ ಗಂಧೆ ಒಂದೂವರೆ ತಿಂಗಳು ನಿದ್ದೆಗೆಡಿಸಿತು. ಮಕ್ಕಳನ್ನು ಬರಿಗೈಯಲ್ಲಿ ಈ ಕೆಲಸಕ್ಕೆ ಹಚ್ಚುವುದನ್ನು ಕಂಡರೆ ನನ್ನ ಕರುಳು ಚುರುಕ್ ಎನ್ನುತ್ತದೆ. ಕೈಗವಸು ಹಾಕಿ, ತುಂಬು ತೋಳು ತೊಟ್ಟು, ಮಳೆ ಬಂದ ಮಾರನೆಯ ದಿನ, ಹೂವಿಗೆ ಮೊದಲು, ಬೇರು ಸಮೇತ. ಹೂ ಬಿಡದ ಗಿಡ ಒಳ್ಳೆಯ ಹಸಿರೆಲೆ ಗೊಬ್ಬರ. ಸೈಟಿನ ಮಾಲೀಕರನ್ನು ಕೇಳಿಕೊಂಡು ಮೇ ತಿಂಗಳಲ್ಲಿ ಅಲ್ಲಿ ತಗಚೆ ಬೀಜ ಚೆಲ್ಲುತ್ತ ಬಂದೆ. ತಗಚೆ ದಟ್ಟವಾಗಿ ಎದ್ದ ಕಡೆ ಪಾರ್ಥೇನಿಯಂ ಸಣ್ಣಗಾಗಿದೆ. ಜುಲೈನಲ್ಲಿ ಅದರ ಎಲೆ ತಿನ್ನುವ ಪಟ್ಟೆಪಟ್ಟೆ ದುಂಬಿಗಳೂ ಕಾಣುತ್ತವೆ. ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟವುಗಳ ಸಂತತಿ. ಅವನ್ನು ಮುಟ್ಟುವುದಿಲ್ಲ.

ಎಲ್ಲವನ್ನೂ ಕೀಳುವ ಅವಸರವೂ ಈಗ ಇಲ್ಲ. ಗೋಣಿಸೊಪ್ಪು, ಹೊನಗೊನೆ, ಗಣಿಕೆ, ಅಣ್ಣೆಸೊಪ್ಪು ತಾವಾಗಿಯೇ ಹುಟ್ಟುತ್ತವೆ. ಔಷಧ ಬೀಳದ ನೆಲವಾದ್ದರಿಂದ ಎಳೆಯದರಲ್ಲೇ ಚಿವುಟಿ ಬೆರಕೆಸೊಪ್ಪಿನ ಬಸ್ಸಾರು ಮಾಡುತ್ತೇನೆ. ಮಾರ್ಕೆಟ್ಟಿನ ಸೊಪ್ಪಿಗೆ ಆ ರುಚಿ ಇಲ್ಲ.

ಕೊನ್ನಾರಿ ಪೂರ್ತಿ ಹೋಗಿಲ್ಲ. ಈ ವರ್ಷ ಮೃಗಶಿರಾ ಮಳೆಯ ಮೇಲೆ ನುಗ್ಗೆಯ ಬುಡದಲ್ಲಿ ನಾಲ್ಕು, ಸಂಪಿನ ಪಕ್ಕ ಎರಡು ಎದ್ದವು. ಗಡ್ಡೆ ಸಮೇತ ಎತ್ತಿದೆ. ಬೀದಿಯವರು ದಾಸವಾಳದ ಕಡ್ಡಿ, ಕರಿಬೇವಿನ ಸಸಿ ಕೇಳಿಕೊಂಡು ಬರುತ್ತಾರೆ. ಕಡ್ಡಿಯಾದರೆ ಹಾಗೇ ಕೊಡುತ್ತೇನೆ. ಸಸಿಯಾದರೆ ಬೇರಿನ ಮಣ್ಣನ್ನು ಬಕೆಟ್ಟಿನಲ್ಲಿ ಪೂರ್ತಿ ತೊಳೆದು, ತಳದಲ್ಲಿ ಕಪ್ಪು ಉಂಡೆ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ, ಒದ್ದೆ ಗೋಣಿ ಸುತ್ತಿ ಕೊಡುತ್ತೇನೆ. ಮಣ್ಣು ಅವರದೇ ಹಾಕಿಕೊಳ್ಳಲಿ.