ಖಾಲಿ ಕ್ಯಾನು ವಾಪಸ್ ಬರದಿದ್ದರೆ



ಪಾವಗಡ ತಾಲ್ಲೂಕಿನ ಒಂದು ಮಹಿಳಾ ಸಂಘದಲ್ಲಿ ಬರಡು ರಾಸುಗಳ ಚಿಕಿತ್ಸಾ ಶಿಬಿರ ಮುಗಿಸಿ ಕೈ ತೊಳೆಯುತ್ತಿದ್ದೆ. ಒಬ್ಬ ಅಜ್ಜಿ ಹತ್ತಿರ ಬಂದು ಕೇಳಿದರು: "ಡಾಕ್ಟ್ರಮ್ಮ, ಕೊರೊನಾ ಬಂದಿದ್ದು ಮನುಷ್ರಿಗೆ. ಆ ವರ್ಷ ಮೂರು ಸಲ ಸೂಜಿ ಹಾಕ್ಸಿದ್ರೂ ನಮ್ಮ ಹಸ ಯಾಕೆ ಗಬ್ಬ ನಿಲ್ಲಲಿಲ್ಲ?"

ಸುತ್ತ ಇದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಹಸು ತಿರುಗಿ ತಿರುಗಿ ಬೆದೆಗೆ ಬರಲು ಹತ್ತು ಕಾರಣಗಳಿರುತ್ತವೆ. ಅವರ ಹಸುವಿನದು ಯಾವುದು ಎಂದು ಇಷ್ಟು ವರ್ಷದ ಮೇಲೆ ಹೇಳಲಾಗದು. ಆದರೆ ಊರು, ದೇಶ, ಸಮುದ್ರ ದಾಟಿ ಬರುವ ಸರಕಿಗೂ ನಮ್ಮ ಕೊಟ್ಟಿಗೆಗೂ ನಂಟಿದೆ ಎನ್ನುವುದನ್ನು ಆ ಎರಡು ವರ್ಷ ನಾನು ಕಣ್ಣಾರೆ ಕಂಡೆ. ಅದನ್ನು ನಮ್ಮ ಡೇರಿಯ ಕ್ಯಾನಿನಿಂದಲೇ ಶುರು ಮಾಡುತ್ತೇನೆ.

ಬೆಳಿಗ್ಗೆ ನೀವು ಹಾಲು ಅಳೆದು ಮನೆಗೆ ಹೋಗುತ್ತೀರಿ. ಕ್ಯಾನುಗಳು ಗಾಡಿ ಹತ್ತಿ ಶೀತಲೀಕರಣ ಕೇಂದ್ರಕ್ಕೆ ಹೋಗುತ್ತವೆ, ಅಲ್ಲಿ ಬರಿದಾಗಿ, ತೊಳೆಸಿಕೊಂಡು ವಾಪಸ್ ಬರುತ್ತವೆ. ಹಾಲು ಹೋಯಿತೇ ಎಂದು ಎಲ್ಲರೂ ಕೇಳುತ್ತಾರೆ, ಖಾಲಿ ಕ್ಯಾನು ಬಂತೇ ಎಂದು ಕೇಳುವವರು ಕಾರ್ಯದರ್ಶಿ ಒಬ್ಬರೇ. ಅದು ಬಾರದಿದ್ದರೆ ಸಂಜೆಯ ಹಾಲನ್ನು ಎಲ್ಲಿಗೆ ಸುರಿಯುವುದು? ಬಲ್ಕ್ ಕೂಲರ್ ಇರುವ ಊರಿನಲ್ಲೂ ಇದೇ ಕಥೆ. ಟ್ಯಾಂಕರ್ ಖಾಲಿಯಾಗಿ ಬರಬೇಕು, ಅದನ್ನು ಓಡಿಸುವವನೂ ಬರಬೇಕು.

2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಯಿತು. ಹಾಲಿಗೆ ಮೊದಲ ದಿನದಿಂದಲೇ ವಿನಾಯಿತಿ ಇತ್ತು. ಕಾಗದದಲ್ಲಿ ಇತ್ತು ಎನ್ನಿ. ಊರೂರಿನ ದಾರಿಗೆ ಮುಳ್ಳಿನ ಕೊಂಬೆ ಎಳೆದು ಅಡ್ಡ ಹಾಕಿದ್ದು ನಿಮಗೆಲ್ಲ ನೆನಪಿದೆ. ಹಾಲಿನ ಗಾಡಿಯ ಡ್ರೈವರ್ ಇಳಿದು ಒಂದು ಚೊಂಬು ನೀರು ಕೇಳಿದರೆ ಬಾಗಿಲು ಹಾಕಿಕೊಂಡ ಮನೆಗಳೂ ಇದ್ದವು. ನಾವು ಮಾಡಿದ ಹಾಲು ಹೊತ್ತುಕೊಂಡು ಹೋಗುವವನನ್ನೇ ಕಾಯಿಲೆ ಹೊತ್ತು ತಂದವನಂತೆ ನೋಡಿದೆವು. ಶಿರಾ ಹೆದ್ದಾರಿಯಲ್ಲಿ ಡಾಬಾ ಮುಚ್ಚಿದ್ದವು, ಪಂಕ್ಚರ್ ಅಂಗಡಿಗಳೂ ಮುಚ್ಚಿದ್ದವು. ಪಾವಗಡದ ಕಡೆಯಂತೂ ಮೂರು ದಿಕ್ಕಿಗೂ ಆಂಧ್ರ. ಹಿಂದೂಪುರ, ಮಡಕಶಿರಾ ನಮಗೆ ಪಕ್ಕದ ಸಂತೆ ಇದ್ದಂತೆ. ಅಲ್ಲಿಗೆ ಹೋಗಿಬರುವ ದಾರಿ ಒಂದೇ ರಾತ್ರಿಯಲ್ಲಿ ಗಡಿಯಾಯಿತು.

ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ, ಅಗತ್ಯ ವಸ್ತು, ಅಗತ್ಯವಲ್ಲದ ವಸ್ತು ಎಂಬ ಭೇದ ಬಿಟ್ಟು ಎಲ್ಲ ಸರಕನ್ನೂ ಬಿಡಿ ಎಂದಿತು. ಅದು ಸರಿಯಾದ ಮಾತೇ. ಹಾಲು ಅಗತ್ಯ ವಸ್ತು, ಸರಿ. ಆದರೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಹಾಳೆ, ಹಿಂಡಿಯ ಚೀಲ, ಗಾಡಿಯ ಟೈರು ಯಾವ ಪಟ್ಟಿಗೆ ಸೇರುತ್ತವೆ? ಏಪ್ರಿಲ್ 15ರ ಮಾರ್ಗಸೂಚಿಯಲ್ಲಿ ಇನ್ನೂ ಒಂದು ಸಾಲು ಬಂತು. ಸರಕು ಇಳಿಸಿ ಬರುವ, ಸರಕು ತರಲು ಹೋಗುವ ಖಾಲಿ ಲಾರಿಯನ್ನೂ ಬಿಡಬೇಕು, ಇಬ್ಬರು ಡ್ರೈವರ್, ಒಬ್ಬ ಕ್ಲೀನರ್ ಇರಬಹುದು, ಹೆದ್ದಾರಿಯ ಡಾಬಾ, ಲಾರಿ ರಿಪೇರಿ ಅಂಗಡಿ ತೆರೆಯಬಹುದು. ನೋಡಿ, ಖಾಲಿ ಕ್ಯಾನಿನ ಮಾತು ದೆಹಲಿಯ ಆದೇಶಕ್ಕೂ ಹೋಗಿ ಸೇರಿತು.

ತಿರುಪತಿಯ ಹತ್ತಿರದ ರೇಣಿಗುಂಟದಿಂದ ದೆಹಲಿಗೆ ಹಾಲು ರೈಲಿನಲ್ಲಿ ಹೋಗುತ್ತದೆ. ಮೊದಲು ಜನ ಓಡಾಡುವ ರೈಲಿಗೇ ಹಾಲಿನ ಟ್ಯಾಂಕರ್ ಜೋಡಿಸುತ್ತಿದ್ದರು. ಜನರ ರೈಲು ನಿಂತಾಗ ಹಾಲೂ ನಿಲ್ಲಬೇಕಾಗಿತ್ತು. ರೈಲ್ವೆಯವರು ಮಾರ್ಚ್ 26ರಿಂದಲೇ 'ದೂಧ್ ದುರಂತೋ' ಎಂಬ ಹಾಲಿಗೆಂದೇ ಬೇರೆ ರೈಲು ಹೊರಡಿಸಿದರು. ನಮ್ಮ ರಾಜ್ಯದಲ್ಲಿ ಹೋಟೆಲು ಮುಚ್ಚಿ ಹಾಲು ಉಳಿದಾಗ ಸರ್ಕಾರ ಕೆ.ಎಂ.ಎಫ್.ನಿಂದ ಕೊಂಡು ಬಡವರಿಗೆ ಉಚಿತವಾಗಿ ಹಂಚಿತು. ಅದಕ್ಕೂ ಮೀರಿದ್ದು ಪುಡಿಯಾಯಿತು. ಶಾಲೆಗಳು ಮುಚ್ಚಿದ್ದರಿಂದ ಕ್ಷೀರಭಾಗ್ಯಕ್ಕೆ ಪುಡಿ ಹೋಗುವುದೂ ನಿಂತಿತ್ತು.

ಇನ್ನು ಸಮುದ್ರದ ಕಡೆ ಹೋಗೋಣ. ದೇಶದಿಂದ ದೇಶಕ್ಕೆ ಹೋಗುವ ಸರಕಿನಲ್ಲಿ ನೂರಕ್ಕೆ ಎಂಬತ್ತು ಪಾಲು ಹಡಗಿನಲ್ಲೇ ಹೋಗುತ್ತದೆ. ನಾವು ಕೊಡುವ ಎಷ್ಟೋ ಔಷಧಿಗಳ ಕಚ್ಚಾವಸ್ತು ಚೀನಾದಿಂದ ಹಾಗೆಯೇ ಬರುತ್ತದೆ. ಹಡಗುಗಳು ನಿಲ್ಲಲಿಲ್ಲ, ಆದರೆ ಅದರೊಳಗಿನ ಜನ ಸಿಕ್ಕಿಬಿದ್ದರು. ಒಪ್ಪಂದದ ತಿಂಗಳು ಮುಗಿದರೂ ಎಷ್ಟೋ ಬಂದರಿನವರು ಇಳಿಯಲು ಬಿಡಲಿಲ್ಲ, ಬದಲಿಗೆ ಹತ್ತಬೇಕಾದವರು ಮನೆಯಲ್ಲೇ ಉಳಿದರು. 2020ರ ಕೊನೆಗೆ ಸುಮಾರು 4 ಲಕ್ಷ ನಾವಿಕರು ಹೀಗೆ ನೀರಿನ ಮೇಲೆಯೇ ಇದ್ದರು. ನೀರು ಕೇಳಿದ ನಮ್ಮ ಡ್ರೈವರನಿಗೂ ಇವರಿಗೂ ಏನು ವ್ಯತ್ಯಾಸ?

ಅವರ ಹಿಂದೆಯೇ ಕ್ಯಾನಿನ ಕಥೆ ಬಂತು. ಸರಕು ತುಂಬಿಕೊಂಡು ಹೋದ ಕಬ್ಬಿಣದ ಕಂಟೇನರ್‌ಗಳು ಅಮೆರಿಕ, ಯೂರೋಪಿನ ಬಂದರುಗಳಲ್ಲಿ ಇಳಿಸುವ ಕೈಗಳಿಲ್ಲದೆ ಗುಡ್ಡೆಬಿದ್ದವು. ಇತ್ತ ನಮ್ಮ ಬಂದರುಗಳಲ್ಲಿ ಸರಕು ಸಿದ್ಧವಾಗಿತ್ತು, ತುಂಬಲು ಖಾಲಿ ಕಂಟೇನರ್ ಇರಲಿಲ್ಲ. ಬಾಡಿಗೆ ಹಲವು ಪಟ್ಟು ಏರಿತು.

ಈ ಪಾಠ ಅತ್ಯಂತ ಕಠಿಣವಾಗಿ ಬಂದದ್ದು 2021ರ ಏಪ್ರಿಲ್, ಮೇ ತಿಂಗಳಲ್ಲಿ. ಆಸ್ಪತ್ರೆಗಳಿಗೆ ಆಕ್ಸಿಜನ್ ಬೇಕಿತ್ತು. ಪೂರ್ವ ಭಾರತದ ಉಕ್ಕಿನ ಕಾರ್ಖಾನೆಗಳಲ್ಲಿ ಆಕ್ಸಿಜನ್ ಇತ್ತು, ಅದನ್ನು ತರುವ ಟ್ಯಾಂಕರ್ ಸಾಲದೆ ಹೋಯಿತು. ದ್ರವ ಆಕ್ಸಿಜನ್ ಎಂದರೆ ಸೊನ್ನೆಗಿಂತ 183 ಡಿಗ್ರಿ ಕೆಳಗಿನ ತಂಪು. ಎರಡು ಗೋಡೆಯ ವಿಶೇಷ ಟ್ಯಾಂಕರೇ ಬೇಕು. ತುಂಬಿದ್ದನ್ನು ವಿಮಾನದಲ್ಲಿ ಒಯ್ಯುವುದು ಅಪಾಯ. ಹಾಗಾಗಿ ವಾಯುಪಡೆಯವರು ಖಾಲಿ ಟ್ಯಾಂಕರನ್ನು ವಿಮಾನದಲ್ಲಿ ಕಾರ್ಖಾನೆಯ ಕಡೆಗೆ ಒಯ್ದರು, ತುಂಬಿದ್ದು ರೈಲಿನಲ್ಲೋ ರಸ್ತೆಯಲ್ಲೋ ವಾಪಸ್ ಬಂತು. ಏಪ್ರಿಲ್ 24ರಂದು ಸಿಂಗಪುರದಿಂದ ವಿಮಾನ ಹೊತ್ತು ತಂದದ್ದು ಖಾಲಿ ಕಂಟೇನರ್‌ಗಳನ್ನೇ. ಮೇ 5ರಂದು ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹರೇನ್‌ನಿಂದ ಆಕ್ಸಿಜನ್ ಹೊತ್ತು ನವಮಂಗಳೂರು ಬಂದರಿಗೆ ಬಂತು. ಮೇ 11ರಂದು ಜೆಮ್‌ಶೆಡ್‌ಪುರದ ಟಾಟಾನಗರದಿಂದ 6 ಕಂಟೇನರ್‌ಗಳಲ್ಲಿ 120 ಟನ್ ಹೊತ್ತ ರೈಲು ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಬಂತು. ಕರ್ನಾಟಕಕ್ಕೆ ಬಂದ ಮೊದಲ ಆಕ್ಸಿಜನ್ ರೈಲು ಅದು.

ಅಜ್ಜಿಯ ಹಸುವಿನ ವಿಷಯಕ್ಕೆ ಈಗ ಬಂದೆ. ನಿಮ್ಮ ಹಸುವಿಗೆ ಹಾಕುವ ವೀರ್ಯದ ನಳಿಕೆಗಳು ಇರುವುದು ದ್ರವ ಸಾರಜನಕದ ಜಾರಿನಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಆ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸಾರಜನಕ, ಆರ್ಗಾನ್ ಸಾಗಿಸುವ ಟ್ಯಾಂಕರ್‌ಗಳಲ್ಲಿ ಒಂದಷ್ಟನ್ನು ಆಕ್ಸಿಜನ್‌ಗೆ ಬದಲಾಯಿಸಿಕೊಳ್ಳಲು ಹೇಳಿತು. ಅದು ಆಗಲೇಬೇಕಿತ್ತು, ಮನುಷ್ಯರ ಉಸಿರಿನ ಪ್ರಶ್ನೆ. ಆ ದಿನಗಳಲ್ಲಿ ನನ್ನ ಜಾರಿಗೆ ಸಾರಜನಕ ಬರುವುದು ತಡವಾಯಿತು. ಇನ್ನೂ ಇರಬಹುದು ಎಂದುಕೊಂಡು ಅಳತೆ ಕಡ್ಡಿ ಇಳಿಸದೆಯೇ ಒಂದೇ ದಿನ ಮೂರು ಹಸುಗಳಿಗೆ ಹಾಕಿದೆ. ಮೂರೂ 21 ದಿನಕ್ಕೆ ತಿರುಗಿ ಬೆದೆಗೆ ಬಂದವು. ಸಂಜೆ ನೋಡಿದ್ದರೆ ತಳದಲ್ಲಿ ಎರಡು ಬೆರಳು ಸಾರಜನಕವೂ ಇರಲಿಲ್ಲ. ತಪ್ಪು ಟ್ಯಾಂಕರಿನದಲ್ಲ, ನನ್ನದು. ಮೂರು ಮನೆಗೂ ಹೋಗಿ ಹೇಳಿ ಬಂದೆ. ಒಂದು ಮನೆಯವರು ಎರಡು ವಾರ ಮಾತಾಡಿಸಲಿಲ್ಲ, ಅದೂ ನ್ಯಾಯವೇ.

ಇಲ್ಲಿ ತಿಳಿಯಬೇಕಾದ ವಿಷಯ ಒಂದಿದೆ. ಸಾರಜನಕ ಇಳಿದು ನಳಿಕೆ ಒಮ್ಮೆ ಬೆಚ್ಚಗಾದರೆ ಜೀವಾಣು ಸಾಯುತ್ತವೆ. ಮತ್ತೆ ಸಾರಜನಕ ತುಂಬಿದರೆ ನಳಿಕೆ ಗಟ್ಟಿಯಾಗುತ್ತದೆ, ನೋಡಲು ಮೊದಲಿನಂತೆಯೇ ಇರುತ್ತದೆ, ಆದರೆ ಒಳಗೆ ಜೀವವಿಲ್ಲ. ಅದಕ್ಕೇ ಕೃತಕ ಗರ್ಭಧಾರಣೆಯವರು ಮನೆಗೆ ಬಂದಾಗ "ಸಾರಜನಕ ಎಷ್ಟಿದೆ, ತೋರಿಸಿ" ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಅವರು ಅಳತೆ ಕಡ್ಡಿಯನ್ನು ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಗಾಳಿಯಲ್ಲಿ ಆಡಿಸುತ್ತಾರೆ. ಬೆಳ್ಳಗೆ ಹಿಮ ಕಟ್ಟಿದಷ್ಟು ಎತ್ತರ ಸಾರಜನಕ ಇದೆ ಎಂದರ್ಥ. ನೀವು ಮಾತ್ರ ಜಾರಿಗೆ ಕೈ ಹಾಕಬೇಡಿ, ಚರ್ಮ ಸುಟ್ಟಂತಾಗುತ್ತದೆ. ಮಕ್ಕಳನ್ನೂ ದೂರ ಇರಿಸಿ.

ಒಂದು ಬೆದೆ ತಪ್ಪಿದರೆ 21 ದಿನದ ಮೇವು, ಹಿಂಡಿ ಲೆಕ್ಕಕ್ಕಿಲ್ಲದೆ ಹೋಗುತ್ತದೆ. ಬೆದೆ ಕಂಡ ತಾರೀಖು, ಬೆಳಿಗ್ಗೆಯೋ ಸಂಜೆಯೋ ಎನ್ನುವುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದುಕೊಳ್ಳಿ. ಬೆಳಿಗ್ಗೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ.

ದಾರಿ ಕಟ್ಟಿದ ದಿನಕ್ಕೆಂದು ಹದಿನೈದು ದಿನದ ಪಶು ಆಹಾರ, ಒಂದು ಪೊಟ್ಟಣ ಖನಿಜ ಮಿಶ್ರಣ ಮನೆಯಲ್ಲಿರಲಿ. ಅದಕ್ಕಿಂತ ಹೆಚ್ಚು ಬೇಡ. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಮೇಲೆ ಇಡಿ. ನಮ್ಮ ಕಡೆ ಕಡಲೆಕಾಯಿ ಹಿಂಡಿ ಹೆಚ್ಚು, ಅದಕ್ಕೆ ಬೂಸ್ಟು ಬೇಗ ಹಿಡಿಯುತ್ತದೆ. ಬೂಸ್ಟಿನ ವಿಷ ಹಾಲಿಗೂ ಇಳಿಯುತ್ತದೆ. ರಾಗಿ ಹುಲ್ಲಿನ ಮೆದೆ ಇದ್ದವರು ಆ ವರ್ಷ ಧೈರ್ಯವಾಗಿದ್ದರು ಎನ್ನುವುದು ನಿಮಗೇ ಗೊತ್ತು.

ಹಾಲಿನ ಗಾಡಿ ಬರದಿದ್ದರೆ ಕರೆಯುವುದನ್ನು ಮಾತ್ರ ಬಿಡಬೇಡಿ. ಕೆಚ್ಚಲು ತುಂಬಿ ನಿಂತರೆ ಕೆಚ್ಚಲು ಬಾವು ಬರುತ್ತದೆ, ಒಂದು ಮೊಲೆ ಹೋದರೆ ಗಾಡಿ ವಾಪಸ್ ಬಂದ ಮೇಲೂ ಅದು ಬರುವುದಿಲ್ಲ. ಹೆಚ್ಚಿನ ಹಾಲನ್ನು ಮೊಸರು, ತುಪ್ಪ ಮಾಡಿ. ಕರುವಿಗೆ ಅದರ ತೂಕದ ಹತ್ತನೇ ಒಂದು ಪಾಲಿನಷ್ಟೇ ಕೊಡಿ, ಮಿಕ್ಕಿದೆ ಎಂದು ಕುಡಿಸಿದರೆ ಭೇದಿಯಾಗುತ್ತದೆ. ಏಳು ತಿಂಗಳ ಗಬ್ಬ ದಾಟಿದ ಹಸುವಿದ್ದರೆ ಹಾಲು ಬತ್ತಿಸಲು ಅದೇ ಸಮಯ, ನಮಗೆ ಫೋನ್ ಮಾಡಿ ಕೇಳಿ ಬತ್ತಿಸಿ.

ಮುಂದಿನ ಶಿಬಿರ ಮಧುಗಿರಿ, ಕೊರಟಗೆರೆ ಕಡೆಯ ಸಂಘಗಳಲ್ಲಿ. ದಿನಾಂಕವನ್ನು ನಿಮ್ಮ ಸಂಘದ ಕಾರ್ಯದರ್ಶಿಯವರು ತಿಳಿಸುತ್ತಾರೆ. ಹಸುವನ್ನು ಹಿಡಿದುಕೊಂಡು ಬರುವಾಗ ಬೆದೆಯ ತಾರೀಖು ಬರೆದ ಆ ಕ್ಯಾಲೆಂಡರನ್ನೂ ತನ್ನಿ.